ಬೆಳ್ಳುಳ್ಳಿ ಸುಲಿಯುವಾಗ

ಮಂಡ್ಯ ಕಡೆಯ ಒಂದು ಹಳ್ಳಿಮನೆ. ಜಗುಲಿಯ ಮೇಲೆ ಹಳೇ ಸೀರೆ ಹಾಸಿ, ಮೂರು ಕೆಜಿ ಬೆಳ್ಳುಳ್ಳಿ ಸುರಿದುಕೊಂಡು ಇಬ್ಬರು ಕೂತಿದ್ದಾರೆ. ಒಬ್ಬರು ಮನೆಯೊಡತಿ, ಎಪ್ಪತ್ತರ ಆಸುಪಾಸು. ಇನ್ನೊಬ್ಬಳು ಅವರ ಅಣ್ಣನ ಮಗಳು, ಪಶುವೈದ್ಯೆ. ಕಂಬದ ಬುಡದಲ್ಲಿ ಕರೀ ನಾಯಿಯೊಂದು ಮಲಗಿದೆ.

— ಉಗುರಲ್ಲಿ ಚಿವುಟಬೇಡ ಕಣೇ, ಚಾಕು ತಗೋ. ಸಾಯಂಕಾಲಕ್ಕೆ ಬೆರಳು ಉರೀತು ಅಂತೀಯ.

— ಈಗಲೇ ಉರೀತಿದೆ ಅತ್ತೆ. ಇಷ್ಟೊಂದು ಯಾರಿಗೆ?

— ಎರಡು ಕೆಜಿ ಉಪ್ಪಿನಕಾಯಿಗೆ. ನಿಮ್ಮ ಮಾವಂಗೆ ದಿನಾ ಬೆಳಿಗ್ಗೆ ಎರಡು ಎಸಳು ಬೇಕು, ಹಾರ್ಟಿಗೆ. ಮಿಕ್ಕಿದ್ದು ಕರಿಯಂಗೆ.

— ಕರಿಯಂಗಾ? ನಾಯಿಗ್ಯಾಕೆ ಬೆಳ್ಳುಳ್ಳಿ?

— ಉಣ್ಣಿ ಕಣಮ್ಮ. ಕಿವಿ ಒಳಗೆ, ಬೆರಳ ಸಂದೀಲಿ, ಹರಳುಬೀಜದಂಗೆ ಜೋತುಬಿದ್ದಿದ್ವು. ಪಕ್ಕದ ಮನೆ ಹುಡುಗ ಮೊಬೈಲಲ್ಲಿ ತೋರಿಸ್ದ. ಹಸೀ ಬೆಳ್ಳುಳ್ಳಿ ಜಜ್ಜಿ ಊಟಕ್ಕೆ ಸೇರಿಸಿದ್ರೆ ಮೈಯೆಲ್ಲ ಘಾಟು ಹೊಡೆದು ಉಣ್ಣಿ ತಾವಾಗೇ ಉದುರ್ತವಂತೆ. ಮುದ್ದೆ ಒಳಗೆ ನಾಲ್ಕು ಎಸಳು ಸೇರಿಸಿ ಹಾಕ್ತಾ ಹದಿನೈದು ದಿನ ಆಯ್ತು.

— ಉದುರಿದ್ವಾ?

— ಉದುರಿದ್ವು ಅಂತ ಎದೆ ತಟ್ಟಿ ಹೇಳಕ್ಕಾಗಲ್ಲ. ನಾಯಿ ಮಾತ್ರ ಸಪ್ಪಗಾಗಿದೆ. ಗೇಟು ಕಿರ್ ಅಂದ್ರೆ ಹಾರಿ ಹೋಗ್ತಿತ್ತು, ಈಗ ಒಂದು ಕಿವಿ ಎತ್ತಿ ಸುಮ್ಮನಾಗುತ್ತೆ. ಬಿಸಿಲಿಗೇನೋ ಅನ್ಕೊಂಡೆ.

— ಬಾರೋ ಕರಿಯ. ಅತ್ತೆ, ನೀವು ತಲೆ ಹಿಡ್ಕೊಳ್ಳಿ, ನಾನು ತುಟಿ ಎತ್ತುತೀನಿ. ಕಪ್ಪು ಮಚ್ಚೆ ಇಲ್ಲದ ಕಡೆ ನೋಡಿ, ಈ ಕೋರೆಹಲ್ಲಿನ ಮೇಲೆ. ಒಸಡು ಕೆಂಪು ಸೀಬೆಹಣ್ಣಿನ ತಿರುಳಿನ ಥರ ಇರಬೇಕು. ಇದು ತೊಳೆದಿಟ್ಟ ಅಕ್ಕಿ ಥರ ಇದೆ.

— ಅಯ್ಯೋ ಶಿವನೇ. ನಾನೇ ಕೈಯಾರೆ ವಿಷ ಇಕ್ಕಿದ್ನಾ?

— ತಡೀರಿ, ಲೆಕ್ಕ ಹಾಕೋಣ. ಕರಿಯ 15 ಕೆಜಿ ತೂಗಬಹುದು. ನಿಮ್ಮ ಈ ನಾಟಿ ಎಸಳು ಒಂದೊಂದು 2 ಗ್ರಾಂ ದಾಟಲ್ಲ. ದಿನಕ್ಕೆ 8 ಗ್ರಾಂ ಆಯ್ತು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ನಾಲ್ಕು ನಾಯಿಗಳಿಗೆ ಏಳು ದಿನ ಬೆಳ್ಳುಳ್ಳಿ ಸಾರ ಕುಡಿಸಿ ನೋಡಿದ್ರು, 2000ದಲ್ಲಿ ಅದು ಅಚ್ಚಾಯ್ತು. ಒಂದು ಕೆಜಿ ಮೈತೂಕಕ್ಕೆ 5 ಗ್ರಾಂ ಬೆಳ್ಳುಳ್ಳಿ ಲೆಕ್ಕ. ಆ ಪ್ರಕಾರ ಕರಿಯಂಗೆ ದಿನಕ್ಕೆ 75 ಗ್ರಾಂ ಬೀಳಬೇಕಿತ್ತು, ಅಂದ್ರೆ ನಿಮ್ಮ ಎಸಳು ಮೂವತ್ತೇಳು, ಮೂವತ್ತೆಂಟು. ಅಷ್ಟು ಕುಡಿಸಿದ್ರೂ ಆ ನಾಯಿಗಳು ಸಾಯಲಿಲ್ಲ. ಆದ್ರೆ ರಕ್ತ ತೆಗೆದು ನೋಡಿದ್ರೆ ಕೆಂಪು ಕಣ ಇಳಿದಿದ್ವು, ಉಳಿದವುಗಳಲ್ಲೂ ಬಹಳಷ್ಟು ವಿಕಾರವಾಗಿದ್ವು. ನಾಯಿ ಊಟಕ್ಕೆ ಬೆಳ್ಳುಳ್ಳಿ ಸೇರಿಸಬೇಡಿ ಅಂತಲೇ ಅವರು ಬರೆದ್ರು.

— ಹಂಗಾದ್ರೆ ನನ್ನ ನಾಲ್ಕು ಎಸಳಿಗೆ ಏನೂ ಆಗಿರಲ್ಲ ಅಲ್ವಾ?

— ಬರೀ ನಾಲ್ಕು ಎಸಳಿಂದ ಇಷ್ಟು ಬಿಳಿಚಿಕೊಳ್ಳಲ್ಲ. ನನಗೆ ಅನುಮಾನ ಉಣ್ಣಿ ಜ್ವರದ್ದು. ಉಣ್ಣಿ ಕಚ್ಚುವಾಗ ಬಬೇಸಿಯಾ ಅನ್ನೋ ಸೂಕ್ಷ್ಮಜೀವಿ ರಕ್ತಕ್ಕೆ ಇಳಿಯುತ್ತೆ. ಕೆಂಪು ಕಣದ ಒಳಗೇ ಸಂಸಾರ ಹೂಡಿ, ಬೆಳೆದು, ಕಣ ಒಡ್ಕೊಂಡು ಹೊರಗೆ ಬರುತ್ತೆ. ಅದು ಒಂದು ಕಡೆಯಿಂದ ರಕ್ತ ಒಡೀತಿರುವಾಗ ನೀವು ಇನ್ನೊಂದು ಕಡೆಯಿಂದ ರಕ್ತ ಒಡೆಯೋ ಪದಾರ್ಥನೇ ಮದ್ದು ಅಂತ ಕೊಟ್ಟಿದ್ದೀರಿ, ಕಮ್ಮೀನೋ ಜಾಸ್ತೀನೋ. ಎರಡರ ಗುರುತೂ ಒಂದೇ ಥರ. ಒಸಡು ಬಿಳಿಚುತ್ತೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತೆ, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಯಾವುದರ ಪಾಲು ಎಷ್ಟು ಅಂತ ಮೇಲೆ ನೋಡಿ ಹೇಳೋಕೆ ಬರಲ್ಲ. ಉಚ್ಚೆ ಯಾವ ಬಣ್ಣ ಇದೆ, ನೋಡಿದ್ರಾ?

— ಅದು ಹೋಗೋದು ಟ್ರ್ಯಾಕ್ಟರ್ ಚಕ್ರಕ್ಕೆ. ಕರೀ ಟೈರಿನ ಮೇಲೆ ಯಾವ ಬಣ್ಣ ಕಾಣುತ್ತೆ ಹೇಳು.

— ಸರಿ, ಇದನ್ನ ಮುಗಿಸಿ ಒಂದು ಹನಿ ರಕ್ತ ತೆಗೀತೀನಿ. ಸ್ಲೈಡ್ ಬ್ಯಾಗಲ್ಲೇ ಇದೆ. ನನ್ನ ಸಂಕಟ ಆ ನಾಲ್ಕು ಎಸಳಿಗಲ್ಲ ಅತ್ತೆ, ಈ ಹದಿನೈದು ದಿನಕ್ಕೆ. ಮನೇಲೇ ಮದ್ದು ನಡೀತಿದೆ ಅಂತ ಧೈರ್ಯವಾಗಿ ಕೂತುಬಿಟ್ರಿ. ಉಣ್ಣಿಗೆ ಈಗ ಗುಳಿಗೆ ಬಂದಿದೆ, ಒಂದು ನುಂಗಿಸಿದ್ರೆ ತಿಂಗಳು ತಡೆಯುತ್ತೆ, ಕೆಲವು ಮೂರು ತಿಂಗಳು. ಬೆಕ್ಕಿಗೂ ಏನಾದ್ರೂ ಪ್ರಯೋಗ ಮಾಡಿದ್ದೀರಾ?

— ಅದು ಬೆಳ್ಳುಳ್ಳಿ ಮೂಸಿ ನೋಡಲ್ಲ, ಬಹಳ ಸೊಕ್ಕಿಂದು. ಹೋದ ತಿಂಗಳು ಚಿಗಟ ಅಂತ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೆನ್ನಿಗೆ ಸವರಿದ್ದೆ, ಒಂದೇ ಒಂದು ಸಲ. ಮೈಗೆ ತಾನೇ, ಹೊಟ್ಟೆಗಲ್ವಲ್ಲ.

— ಬೆಕ್ಕಿನ ಮೈಗೆ ಹಚ್ಚಿದ್ದು ಹೊಟ್ಟೆಗೆ ಹೋಗದೆ ಎಲ್ಲಿಗೆ ಹೋಗುತ್ತೆ? ಹತ್ತು ನಿಮಿಷದಲ್ಲಿ ನೆಕ್ಕಿ ಮುಗಿಸಿರುತ್ತೆ. ದಯವಿಟ್ಟು ಅದೊಂದು ಮಾಡಬೇಡಿ. ನಾಯಿಗಿಂತ ಬೆಕ್ಕಿನ ರಕ್ತ ಇನ್ನೂ ನಾಜೂಕು.

— ರಕ್ತ ರಕ್ತಾನೇ ಅಲ್ವೇನೇ? ಎಲ್ಲಾರ್ದೂ ಕೆಂಪು.

— ಕೆಂಪು ಮಾಡೋದು ಹಿಮೋಗ್ಲೋಬಿನ್. ಅದರಲ್ಲಿ ಗಂಧಕ ಇರೋ ಕೆಲವು ಜಾಗ ಇದಾವೆ, ಬೇಗ ತುಕ್ಕು ಹಿಡಿಯೋ ಜಾಗ ಅನ್ಕೊಳ್ಳಿ. ನಮಗೆ ಅಂಥವು 2, ನಾಯಿಗೆ 4, ಬೆಕ್ಕಿಗೆ 8. ಬೆಳ್ಳುಳ್ಳಿ, ಈರುಳ್ಳಿ ಹೊಟ್ಟೆಗೆ ಹೋಗಿ ಅರಗುವಾಗ ಹುಟ್ಟೋ ಗಂಧಕದ ಪದಾರ್ಥಗಳು ಆ ಜಾಗಕ್ಕೆ ತುಕ್ಕು ಹತ್ತಿಸ್ತವೆ. ತುಕ್ಕು ಹತ್ತಿದ ಹಿಮೋಗ್ಲೋಬಿನ್ ಒಡೆದ ಹಾಲಿನ ಗರಣೆ ಥರ ಗಂಟುಕಟ್ಟಿ ಕಣದ ಗೋಡೆಗೆ ಅಂಟ್ಕೊಳ್ಳುತ್ತೆ. 1890ರಲ್ಲಿ ಹೈನ್ಜ್ ಅನ್ನೋ ಜರ್ಮನ್ ವೈದ್ಯರು ಅದನ್ನ ವಿವರಿಸಿದ್ರು, ಆ ಗಂಟಿಗೆ ಇವತ್ತಿಗೂ ಅವರದೇ ಹೆಸರು. ಅಂಥ ಕಣಗಳನ್ನ ಸೋಸಿ ತೆಗೆಯೋದು ಗುಲ್ಮದ ಕೆಲಸ. ಬೆಕ್ಕಿನ ಗುಲ್ಮ ಆ ಕೆಲಸದಲ್ಲಿ ಸೋಮಾರಿ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಟ್ಟು ಬೆಕ್ಕು ಕಳ್ಕೊಂಡವರು ನನ್ನ ಹತ್ರ ಬಂದಿದ್ದಾರೆ. ಅಲ್ಲೂ ಇದೇ ತುಕ್ಕಿನ ಕಥೆ.

— ಇಂಗ್ಲಿಷ್ ಮಾತ್ರೆಗೂ ಬೆಳ್ಳುಳ್ಳಿಗೂ ಒಂದೇ ಕಥೆ ಅನ್ನು.

— ಬೆಕ್ಕಿನ ಪಾಲಿಗೆ ಒಂದೇ.

— ನೋಡು, ನನಗೆ ಇದರಲ್ಲಿ ಒಂದು ಅನುಮಾನ. ಹೆಬ್ಬಾಳದ ವೆಟರಿನರಿ ಕಾಲೇಜಲ್ಲಿ ಓದಿ ಬಂದ ಮೇಲೆ ನಿಮಗೆಲ್ಲ ನಾಟಿ ಮದ್ದು ಅಂದ್ರೆ ತಾತ್ಸಾರ. ಗೌರಿ ಹಸೂಗೆ ಕಾಲುಬಾಯಿ ಜ್ವರ ಬಂದು ಬಾಯೆಲ್ಲ ಹುಣ್ಣಾಗಿ ಮೇವು ಬಿಟ್ಟಾಗ ಏನು ತಿನ್ನಿಸಿದ್ದು ನಾನು? ಜೀರಿಗೆ, ಮೆಂತ್ಯ, ಮೆಣಸು, ಅರಿಶಿನ, ಬೆಳ್ಳುಳ್ಳಿ, ಬೆಲ್ಲ, ಕಾಯಿತುರಿ. ರುಬ್ಬಿ ನಾಲಗೆ ಮೇಲೆ, ಒಸಡಿನ ಮೇಲೆ ಸವರಿದ್ದು.

— ಅದನ್ನ ನಾನು ಎಲ್ಲಿ ಬೇಡ ಅಂದೆ? ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೂ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರೂ ಸೇರಿ ಊರೂರಿಗೆ ಹೇಳಿಕೊಡೋ ಮದ್ದಿನ ಪಟ್ಟೀಲಿ ಹೆಚ್ಚುಕಮ್ಮಿ ಇದೇ ಇದೆ. ಲಸಿಕೆ ಬಿಟ್ಟು ಇದನ್ನೇ ನಂಬಿ ಅಂತ ಅಲ್ಲ, ಹುಣ್ಣಿಗೆ ಆರೈಕೆ ಅಂತ. ನಾಲ್ಕು ಎಸಳು, ಅದೂ ನಾನೂರು ಕೆಜಿ ಹಸೂಗೆ. ಅದೇ ನಾಲ್ಕು ಎಸಳು ಮೂರು ಕೆಜಿ ಬೆಕ್ಕಿಗೆ ಹಾಕಿದ್ರೆ? ಮದ್ದು ಬೆಳ್ಳುಳ್ಳೀಲಿ ಎಷ್ಟಿದೆಯೋ ತಕ್ಕಡೀಲೂ ಅಷ್ಟೇ ಇದೆ.

— ತಕ್ಕಡಿ ನಿಮ್ಮ ಮಾವಂಗೂ ಬೇಕು. ಬೆಳಿಗ್ಗೆ ಎದ್ದು ಹಲ್ಲುಜ್ಜೋಕೂ ಮುಂಚೆ ಎರಡು ಎಸಳು, ಒಂದು ಲೋಟ ಬಿಸಿನೀರು. ಮಾತ್ರೆ ಥರ ಗುಳುಂ.

— ಅಗಿಯಲ್ವಾ?

— ಅಗಿದ್ರೆ ಘಾಟು, ಪಂಚಾಯ್ತಿ ಕಟ್ಟೇಲಿ ಯಾರೂ ಪಕ್ಕ ಕೂರಲ್ಲ ಅಂತಾರೆ.

— ಆ ಘಾಟೇ ಔಷಧಿ ಅತ್ತೆ. ಇಲ್ಲಿ, ಈ ಎಸಳು ಮೂಸಿ ನೋಡಿ, ಗಾಯ ಇಲ್ಲದ್ದು. ಏನಾದ್ರೂ ವಾಸನೆ ಇದೆಯಾ?

— ಇಲ್ಲ ಕಣೇ. ಹಸಿ ನೆಲಗಡಲೆ ಥರ ಏನೋ.

— ಈಗ ಉಗುರಲ್ಲಿ ಚಿವುಟಿ.

— ಹ್ಞೂಂ, ಬಂತು. ಮೂಗಿಗೇ ಹೊಡೀತು.

— ಎಸಳೊಳಗೆ ಎರಡು ಸಾಮಾನು ಬೇರೆ ಬೇರೆ ಗೂಡಲ್ಲಿ ಕೂತಿವೆ. ಒಂದು ಅಲ್ಲಿಯಿನ್, ಇನ್ನೊಂದು ಅಲ್ಲಿನೇಸ್ ಅನ್ನೋ ಕಿಣ್ವ. ಮಧ್ಯದ ಗೋಡೆ ಒಡೆದಾಗ ಎರಡೂ ಕೂಡಿ ಕ್ಷಣದಲ್ಲಿ ಅಲ್ಲಿಸಿನ್ ಆಗುತ್ತೆ. ಘಾಟೂ ಅದೇ, ಬೆರಳು ಉರಿಸೋದೂ ಅದೇ, ಸೂಕ್ಷ್ಮಾಣು ಕೊಲ್ಲೋದೂ ಅದೇ. ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಅದನ್ನ ಬೇರ್ಪಡಿಸಿ ಹೆಸರಿಟ್ಟಿದ್ದು 1944ರಲ್ಲಿ. ಗಿಡ ಅದನ್ನ ನಮ್ಮ ಹಾರ್ಟಿಗೆ ಅಂತ ಮಾಡ್ಕೊಂಡಿದ್ದಲ್ಲ, ನೆಲದಡಿ ಗಡ್ಡೆ ಕಡಿಯೋಕೆ ಬರೋ ಹುಳದ ಬಾಯಿ ಸುಡೋಕೆ. ಹುಳ ಕಚ್ಚೋ ತನಕ ಆಯುಧ ಒರೆಯಲ್ಲೇ ಇರುತ್ತೆ. ಮಾವ ಇಡೀ ನುಂಗಿದ್ರೆ ಗೋಡೆ ಒಡೆಯೋದೇ ಹೊಟ್ಟೇಲಿ, ಅಲ್ಲಿಯ ಹುಳಿಗೆ ಆ ಕಿಣ್ವ ಕೆಲಸ ಮಾಡಲ್ಲ. ಜಜ್ಜದೆ ನೇರವಾಗಿ ಒಗ್ಗರಣೆಗೆ ಹಾಕಿದ್ರೂ ಅಷ್ಟೇ, ಕಾವಿಗೆ ಕಿಣ್ವ ಸಾಯುತ್ತೆ.

— ಅಂದ್ರೆ ಇಷ್ಟು ವರ್ಷ ನುಂಗಿದ್ದೆಲ್ಲ ದಂಡ?

— ಅಗಿದು ತಿಂದಿದ್ರೂ ಅವರು ಅನ್ಕೊಂಡಷ್ಟು ಸಿಕ್ತಿರಲಿಲ್ಲ. ಸ್ಟ್ಯಾನ್‌ಫರ್ಡಿನವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಲೆಸ್ಟ್ರಾಲ್ ಸಾಧಾರಣ ಜಾಸ್ತಿ ಇದ್ದ 192 ಜನಕ್ಕೆ ವಾರದಲ್ಲಿ ಆರು ದಿನದಂತೆ ಆರು ತಿಂಗಳು ಕೊಟ್ರು. ಕೆಲವರಿಗೆ ಹಸೀ ಬೆಳ್ಳುಳ್ಳಿ ಅರೆದು ಸ್ಯಾಂಡ್‌ವಿಚ್ಚಲ್ಲಿ, ಕೆಲವರಿಗೆ ಎರಡು ಥರ ಬೆಳ್ಳುಳ್ಳಿ ಮಾತ್ರೆ, ಕೆಲವರಿಗೆ ಬೆಳ್ಳುಳ್ಳಿ ಇಲ್ಲದ ಸುಳ್ಳು ಮಾತ್ರೆ. ಕೆಟ್ಟ ಕೊಲೆಸ್ಟ್ರಾಲ್ ಯಾರಿಗೂ ಇಳಿಯಲಿಲ್ಲ. ಬಿಪಿ ಜಾಸ್ತಿ ಇರೋರಿಗೆ ಮಾತ್ರ ಬೆಳ್ಳುಳ್ಳಿ ಸ್ವಲ್ಪ ಇಳಿಸುತ್ತೆ ಅಂತ ಬೇರೆ ಪ್ರಯೋಗಗಳಲ್ಲಿ ಕಂಡಿದೆ. ಅಷ್ಟು ಮರ್ಯಾದೆ ಅದಕ್ಕೆ ಸಲ್ಲಬೇಕು. ಮಾತ್ರೆ ಬಿಟ್ಟು ಇದನ್ನ ಹಿಡಿಯೋವಷ್ಟಲ್ಲ. ಮಾವ ಸ್ಟೆಂಟ್ ಹಾಕಿಸಿದ ಮೇಲೆ ಆಸ್ಪಿರಿನ್ ತಗೊಳ್ತಿದ್ದಾರೆ ತಾನೇ?

— ರಾತ್ರಿ ಊಟ ಆದ ಮೇಲೆ. ಮುಂದಿನ ವಾರ ದವಡೆ ಹಲ್ಲು ಬೇರೆ ಕೀಳಿಸಬೇಕು.

— ಹಾಗಿದ್ರೆ ಹಲ್ಲಿನ ಡಾಕ್ಟರಿಗೆ ಎರಡೂ ಹೇಳಬೇಕು. ಹಸೀ ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟೋದನ್ನ ತಡಮಾಡುತ್ತೆ, ಆಸ್ಪಿರಿನ್ನೂ ಅದನ್ನೇ ಮಾಡುತ್ತೆ. ವಿಪರೀತ ಬೆಳ್ಳುಳ್ಳಿ ತಿನ್ನೋ ಅಭ್ಯಾಸ ಇದ್ದ 87 ವರ್ಷದ ಒಬ್ಬರಿಗೆ ಬೆನ್ನುಹುರಿಯ ಪಕ್ಕ ತಾನಾಗೇ ರಕ್ತಸ್ರಾವ ಆದದ್ದು 1990ರಲ್ಲೇ ವೈದ್ಯರ ಪತ್ರಿಕೇಲಿ ಬಂದಿದೆ. ಅಪರೂಪದ್ದು, ಹೆದರಬೇಡಿ. ಆಪರೇಷನ್ನಿಗೆ ಒಂದು ವಾರ ಮುಂಚೆ ನಿಲ್ಲಿಸಿ ಅಂತ ಹೇಳೋದು ಇದಕ್ಕೇ. ಆಸ್ಪಿರಿನ್ ಮಾತ್ರ ತಾವೇ ನಿಲ್ಲಿಸೋದು ಬೇಡ.

— ಅಗಿಯದೆ ನುಂಗಿದ್ದೇ ವಾಸಿಯಾಯ್ತು ಹಂಗಾದ್ರೆ. ನಿಮ್ಮ ಮಾವನ ದಡ್ಡತನವೇ ಅವರನ್ನ ಕಾಯ್ತಿದೆ.

— ನೀವು ಹೇಳಿ, ನಾನು ಹೇಳಿದ್ರೆ ಮುನಿಸ್ಕೋತಾರೆ.

— ಕೊರೊನಾ ಟೈಮಲ್ಲಿ ಇಡೀ ಬೀದಿಗೆ ಬೆಳ್ಳುಳ್ಳಿ ಕಷಾಯ ಕುಡಿಸಿದೋರು ಅವರು. ವಿಶ್ವ ಆರೋಗ್ಯ ಸಂಸ್ಥೆಯೋರು ಅದರಿಂದ ಕೊರೊನಾ ತಡೆಯುತ್ತೆ ಅನ್ನೋಕೆ ಪುರಾವೆ ಇಲ್ಲ ಅಂದಿದ್ದು ಟೀವೀಲಿ ಬಂದಾಗ, ಟೀವಿನೇ ಆರಿಸಿದ್ರು.

— ಶೀತಕ್ಕೂ ಅಷ್ಟೇ ಅತ್ತೆ. ಬೆಳ್ಳುಳ್ಳಿ ಮಾತ್ರೆ ತಿಂದೋರಿಗೆ ನೆಗಡಿ ಕಮ್ಮಿ ಬಂತು ಅಂತ 2001ರಲ್ಲಿ 146 ಜನರ ಮೇಲೆ ನಡೆದ ಒಂದು ಪ್ರಯೋಗ ಹೇಳ್ತು. ಎಲ್ಲರೂ ಇವತ್ತಿಗೂ ಅದೊಂದನ್ನೇ ಹೇಳ್ಕೊಂಡು ತಿರುಗ್ತಾರೆ. ಕಷಾಯ ಕುಡೀಲಿ, ಗಂಟಲಿಗೆ ಹಿತ. ನಾನು ಜಗಳ ಆಡೋದು ಮಕ್ಕಳ ಮೈಗೆ ಹಸೀದು ಕಟ್ಟೋರ ಜೊತೆ. ನಿಮ್ಮ ಮೊಮ್ಮಗಂದು ನೆನಪಿದೆಯಾ?

— ಆ ಮಾತು ತೆಗೀಬೇಡ. ಮಗೂಗೆ ಎದೆ ಕಟ್ಟಿತ್ತು. ಜಜ್ಜಿ, ಬಟ್ಟೇಲಿ ಸುತ್ತಿ, ಅಂಗಾಲಿಗೆ ಕಟ್ಟಿ ಮಲಗಿಸಿದ್ದೆ. ರಾತ್ರಿಯೆಲ್ಲ ಅಳ್ತು, ಶೀತದ್ದು ಅನ್ಕೊಂಡೆ. ಬೆಳಿಗ್ಗೆ ಬಿಚ್ಚಿದ್ರೆ ಕಾಸಗಲ ಬೊಬ್ಬೆ. ನನ್ನ ಸೊಸೆ ಒಂದು ಮಾತೂ ಆಡಲಿಲ್ಲ ನೋಡು, ಆಡಿದ್ರೆ ತಡ್ಕೋತಿದ್ದೆ.

— ನಿಮ್ಮ ಬೆರಳು ಐವತ್ತು ವರ್ಷ ಒಲೆ ಮುಂದೆ ಕಾದಿದ್ದು, ಅದೇ ಉರೀತದೆ ಅಂದ್ರೆ ಎಳೇ ಪಾದ ಹೇಗೆ ತಡೆಯುತ್ತೆ? ಹಸೀ ಬೆಳ್ಳುಳ್ಳಿ ಕಟ್ಟಿ ಮಕ್ಕಳ ಚರ್ಮ ಸುಟ್ಟಿರೋದು ಎಷ್ಟೋ ದೇಶದ ವೈದ್ಯರು ಬರೆದಿಟ್ಟಿದ್ದಾರೆ. ಹುಳದ ಬಾಯಿ ಸುಡೋಕೆ ಇರೋದಕ್ಕೆ ಮಗು ಯಾವುದು, ಹುಳ ಯಾವುದು ಅಂತ ಗೊತ್ತಾಗುತ್ತಾ?

— ನಮ್ಮಮ್ಮ ಬಾಣಂತಿಗೆ ಕೊಡ್ತಿದ್ದಿದ್ದು ಬೇರೆ ಥರ. ಕೆಂಡದಲ್ಲಿ ಸುಟ್ಟು, ಇಲ್ಲಾ ತುಪ್ಪದಲ್ಲಿ ಹುರಿದು. ಹಸೀದು ಮುಟ್ಟೋ ಹಂಗಿರಲಿಲ್ಲ. ಹಾಲು ಬರುತ್ತೆ ಅನ್ನೋರು.

— ಹಾಲು ಜಾಸ್ತಿ ಬರುತ್ತೋ ಇಲ್ವೋ, ವಾಸನೆ ಅಂತೂ ಹಾಲಿಗೆ ಹೋಗುತ್ತೆ. ಫಿಲಡೆಲ್ಫಿಯಾದಲ್ಲಿ 1991ರಲ್ಲಿ ತಾಯಂದಿರಿಗೆ ಬೆಳ್ಳುಳ್ಳಿ ಮಾತ್ರೆ ಕೊಟ್ಟು ನೋಡಿದ್ರು. ಎರಡು ಗಂಟೆ ಹೊತ್ತಿಗೆ ಎದೆಹಾಲಲ್ಲಿ ಘಮ ಜೋರಾಯ್ತು. ಮಕ್ಕಳು ಮುಖ ತಿರುಗಿಸ್ತಾವೆ ಅನ್ಕೊಂಡ್ರಾ? ಇನ್ನೂ ಹೆಚ್ಚು ಹೊತ್ತು ಮೊಲೆ ಕಚ್ಚಿಕೊಂಡಿದ್ವಂತೆ.

— ದನಾನೂ ಹಂಗೇ. ಬೆಳ್ಳುಳ್ಳಿ ಸೊಪ್ಪು ಮೇಯ್ದು ಬಂದ ದಿನ ಹಾಲು ಘಮ್ಮನ್ನೋದು. ಅಗ್ರಹಾರದ ಅಜ್ಜಿಯೊಬ್ಬರಿಗೆ ಹಾಲು ಹಾಕ್ತಿದ್ವಲ್ಲ, ಚೊಂಬು ಮೂಸಿ ವಾಪಸ್ ಕಳಿಸೋರು. ಒಂದು ದಿನ ಮಂಡಿನೋವು ಅಂತ ಕೂತಿದ್ದಾಗ ಮಾತ್ರ ವಾಪಸ್ ಕಳಿಸಲಿಲ್ಲ.

— ಅಯ್ಯೋ ಅತ್ತೆ, ನಿಮ್ಮ ಅಜ್ಜಿಗೆ ಹಳೇ ಗ್ರಂಥದ ಬೆಂಬಲ ಇದೆ! 1890ರಲ್ಲಿ ಬೋವರ್ ಅನ್ನೋ ಇಂಗ್ಲಿಷ್ ಸೈನ್ಯದ ಅಧಿಕಾರಿಗೆ ಮಧ್ಯ ಏಷ್ಯಾದ ಕೂಚಾ ಅನ್ನೋ ಊರಲ್ಲಿ ಭೂರ್ಜಪತ್ರದ ಒಂದು ಸಂಸ್ಕೃತ ಹಸ್ತಪ್ರತಿ ಸಿಕ್ತು. ಸುಮಾರು ಒಂದೂವರೆ ಸಾವಿರ ವರ್ಷದ್ದು, ಈಗ ಆಕ್ಸ್‌ಫರ್ಡಲ್ಲಿದೆ. ಅದರ ಮೊದಲ ಭಾಗ ಶುರುವಾಗೋದೇ ಬೆಳ್ಳುಳ್ಳಿಯಿಂದ. ಅಮೃತ ಕದ್ದು ಕುಡಿದ ಅಸುರನ ಕತ್ತನ್ನ ವಿಷ್ಣು ಕತ್ತರಿಸಿದಾಗ ಬಿದ್ದ ರಕ್ತದ ಹನಿಗಳಿಂದ ಬೆಳ್ಳುಳ್ಳಿ ಹುಟ್ಟಿತಂತೆ. ಅದಕ್ಕೇ ಬ್ರಾಹ್ಮಣರು ತಿನ್ನಲ್ಲ ಅಂತ ಕಾರಣವನ್ನೂ ಕೊಡುತ್ತೆ. ಆಮೇಲೆ ಅವರಿಗೊಂದು ದಾರಿನೂ ತೋರಿಸುತ್ತೆ. ಹಸೂನ ಮೂರು ರಾತ್ರಿ ಹೆಚ್ಚುಕಮ್ಮಿ ಉಪವಾಸ ಇಟ್ಟು, ಎರಡು ಪಾಲು ಹುಲ್ಲಿಗೆ ಒಂದು ಪಾಲು ಬೆಳ್ಳುಳ್ಳಿ ದಂಟು ಸೇರಿಸಿ ತಿನ್ನಿಸಿ, ಅದರ ಹಾಲು, ಮೊಸರು, ತುಪ್ಪ ಬ್ರಾಹ್ಮಣ ತಗೊಳ್ಳಬಹುದು. ರೋಗವೂ ಹೋಗುತ್ತೆ, ಆಚಾರವೂ ಉಳಿಯುತ್ತೆ.

— ಎಲಾ ಇವನ! ಹಸೂನ ಮೂರು ರಾತ್ರಿ ಉಪವಾಸ ಕೆಡವಿದ ಪಾಪ ಯಾರ ಲೆಕ್ಕಕ್ಕೆ?

— ಅದನ್ನ ಬರೆದಿಲ್ಲ. ದನದ ಡಾಕ್ಟರು ಓದಿದ್ರೆ ಮೊದಲು ಕೇಳೋದು ಅದನ್ನೇ. ಆದ್ರೆ ಬರೆದವನು ಕಣ್ಣುಬಿಟ್ಟು ನೋಡಿದ್ದಾನೆ ಅನ್ಸುತ್ತೆ ನನಗೆ. ಮೇವಿನ ಗುಣ ಹಾಲಿಗೆ ಇಳಿಯುತ್ತೆ ಅಂತ ಗೊತ್ತಿದ್ದರಿಂದ ತಾನೇ ಈ ಉಪಾಯ ಹೊಳೆದದ್ದು? ಸಂಸ್ಕೃತದಲ್ಲಿ ಬೆಳ್ಳುಳ್ಳಿಗೆ ರಸೋನ ಅಂತಾನೂ ಹೆಸರಿದೆ. ಆರು ರಸದಲ್ಲಿ ಒಂದು ಊನ, ಅಂದ್ರೆ ಕಮ್ಮಿ. ಯಾವುದು ಹೇಳಿ?

— ಸಿಹಿ, ಖಾರ, ಕಹಿ, ಒಗರು, ಉಪ್ಪು. ಹುಳಿ ಇಲ್ಲ. ಅದಕ್ಕೆ ಗ್ರಂಥ ಯಾಕೆ ಬೇಕು? ಹುಳಿ ಇಲ್ಲ ಅಂತ ತಾನೇ ಉಪ್ಪಿನಕಾಯಿಗೆ ಮೂವತ್ತು ನಿಂಬೆಹಣ್ಣು ಹಿಂಡೋದು. ಹುಳಿ ಕಮ್ಮಿಯಾದ್ರೆ ಬೆಳ್ಳುಳ್ಳಿ ಉಪ್ಪಿನಕಾಯಿ ನಿಲ್ಲಲ್ಲ.

— ನಿಲ್ಲದೆ ಇರೋದಷ್ಟೇ ಅಲ್ಲ, ಜೀವಕ್ಕೇ ಬರುತ್ತೆ. ಕೆನಡಾದ ವ್ಯಾಂಕೂವರಲ್ಲಿ 1985ರಲ್ಲಿ 36 ಜನಕ್ಕೆ ಬಾಟುಲಿಸಂ ಆಯ್ತು, ನರ ಹಿಡಿದು ರೆಪ್ಪೆ ಜೋತು, ಉಸಿರು ಎಳೆಯೋಕೂ ಆಗದಂಥ ಕಾಯಿಲೆ. ಬೆಳ್ಳುಳ್ಳಿ ಹೆಚ್ಚಿ ಎಣ್ಣೇಲಿ ಹಾಕಿ ಮಾರೋ ಬಾಟಲಿಯನ್ನ ಹೋಟೆಲಿನವರು ಫ್ರಿಜ್ಜಿಗಿಡದೆ ಹೊರಗಿಟ್ಟಿದ್ರು. ಮಣ್ಣಿಂದ ಗಡ್ಡೆ ಜೊತೆ ಬರೋ ಬೀಜಾಣು, ಗಾಳಿಯಾಡದ ಎಣ್ಣೆ, ಹುಳಿ ಇಲ್ಲ. ಅದಕ್ಕೆ ಬೇಕಾದ್ದೆಲ್ಲ ಕೂಡಿಬಂತು. ಸೂಕ್ಷ್ಮಾಣು ಕೊಲ್ಲೋ ಬೆಳ್ಳುಳ್ಳಿ ತನ್ನ ಮೈಮೇಲಿದ್ದ ಈ ಒಂದನ್ನ ಕೊಲ್ಲಲಿಲ್ಲ. ಆಮೇಲೆ ನ್ಯೂಯಾರ್ಕಲ್ಲೂ ಅದೇ ಆದ ಮೇಲೆ, ಹುಳಿ ಸೇರಿಸದೆ ಅಂಥ ಬಾಟಲಿ ಮಾರೋ ಹಾಗಿಲ್ಲ ಅಂತ ಅಮೆರಿಕದಲ್ಲಿ ಕಟ್ಟಪ್ಪಣೆ ಬಂತು. ನಿಮ್ಮ ಮೂವತ್ತು ನಿಂಬೆಹಣ್ಣಿನ ಕಾನೂನು.

— ಕಿವಿನೋವಿಗೆ ಅಂತ ಬೆಳ್ಳುಳ್ಳಿ ಎಣ್ಣೆ ಶೀಶೇಲಿ ಇಟ್ಟಿದ್ದೀನಿ, ದೇವರಮನೆ ಗೂಡಲ್ಲಿ. ಬೆಕ್ಕಿಗೆ ಸವರಿದ್ದೂ ಅದೇ.

— ಯಾವಾಗ ಮಾಡಿದ್ದು?

— ಯುಗಾದೀಲಿ.

— ಇವತ್ತೇ ಚೆಲ್ಲಿ. ಚೆಲ್ಲೋದೂ ಬೆಕ್ಕು ನೆಕ್ಕದ ಕಡೆ. ಕಿವಿ ತಮಟೆ ತೂತಾಗಿದ್ರೆ ಯಾವ ಎಣ್ಣೇನೂ ಹಾಕಬಾರದು, ಹೊಸದಾದ್ರೂ ಅಷ್ಟೇ.

— ಆಯ್ತು ಬಿಡು, ಒಂದೇ ದಿನಕ್ಕೆ ನನ್ನ ಅರ್ಧ ಔಷಧಿ ಅಂಗಡಿ ಮುಚ್ಚಿಸಿದೆ. ಉಪ್ಪಿನಕಾಯಿಗಾದ್ರೂ ಅಪ್ಪಣೆ ಇದೆಯಾ? ಏ, ಅಲ್ಲಿ ನೋಡು, ಕರಿಯ ಎದ್ದ.

— ಎಲ್ಲಿಗೆ ಹೊರಟ? ಟ್ರ್ಯಾಕ್ಟರ್ ಕಡೆ ಹೋಗ್ತಿಲ್ಲ.

— ಅಷ್ಟು ದೂರ ನಡೆಯೋಕೆ ಆಗ್ತಿಲ್ಲ ಅದಕ್ಕೆ, ಪಾಪ. ಕೊಟ್ಟಿಗೆ ಗೋಡೆಗೇ ಕಾಲೆತ್ತಿತು. ಹಬ್ಬಕ್ಕೆ ಸುಣ್ಣ ಬಳಿಸಿದ್ದೆ. ಬಾ, ಬೇಗ ಬಾ.

— ಕಂಡ್ತಾ ಅತ್ತೆ?

— ಕಾಣದೆ ಏನು, ಬಿಳೀ ಸುಣ್ಣದ ಮೇಲೆ. ಡಿಕಾಕ್ಷನ್ ಅಲ್ಲ. ಬೆಲ್ಲದ ನೀರಿನ ಥರ ಇದೆ ಕಣೇ.

— ಅವನನ್ನ ಅಲ್ಲೇ ನೆರಳಲ್ಲಿ ಕೂರಿಸ್ಕೊಂಡಿರಿ. ಕೈ ತೊಳ್ಕೊಂಡು ಸಿರಿಂಜ್ ತರ್ತೀನಿ. ಸೋಪು ಎಲ್ಲಿದೆ?